ಸುನಂದಕ್ಕನ ಹೊಸ್ತಿಲೂ ಗಲ್ಲಿಯ ಕಾಂಕ್ರೀಟೂ

ಇವತ್ತು ಬೆಳಿಗ್ಗೆ ಕಾಫಿಯ ಲೋಟ ತುಟಿಗೆ ತಾಗುವ ಮೊದಲೇ ಮೂಗಿಗೆ ಕಲ್ಲುಪುಡಿಯ ವಾಸನೆ ತಾಗಿತು. ಅದರ ಹಿಂದೆಯೇ ಸುಟ್ಟ ಡೀಸೆಲ್‌ನ ವಾಸನೆ, ಆಮೇಲೆ ಸದ್ದು. ಮುಂಬಯಿ ಪಕ್ಕದ ಠಾಣೆ ಊರಿನ ಈ ಮನೆಗೆ ಬಂದ ಮೇಲೆ ನಮ್ಮ ಕಟ್ಟಡದ ಮುಂದೆ ರಸ್ತೆ ಅಗೆಯುತ್ತಿರುವುದು ಇದೇ ಮೊದಲು. ನನ್ನ ಹೆಂಡತಿ ಮಾಲತಿ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿದಳು. ನಾವು ನಾಲ್ಕನೆಯ ಮಹಡಿಯವರು. ಕಿಟಕಿ ಮುಚ್ಚಿದರೆ ನಮ್ಮ ಮಟ್ಟಿಗೆ ರಸ್ತೆ ಮುಗಿಯಿತು. ಆದರೆ ನನ್ನ ಮೂಗು ಅಷ್ಟರಲ್ಲಿ ನಾವು ಮೊದಲಿದ್ದ ಡೊಂಬಿವಲಿಯ ಗಲ್ಲಿಗೆ ಹೋಗಿ ನಿಂತಾಗಿತ್ತು.

ನೀವು ಈ ಕಡೆಯವರಾದರೆ ಹೇಳಬೇಕಾಗಿಲ್ಲ. ಕಲ್ಯಾಣದಿಂದ ನವಿ ಮುಂಬಯಿಯವರೆಗೆ ಎಲ್ಲಿ ನೋಡಿದರೂ ಒಂದು ತಗಡಿನ ಬೇಲಿ, ಅದರ ಮೇಲೆ ‘ಕಾಮ ಚಾಲೂ ಆಹೆ’ ಎಂಬ ಹಲಗೆ. ಕೆಲಸ ನಡೆಯುತ್ತಿದೆ ಎಂದು ಅರ್ಥ, ಅರ್ಥ ಮಾತ್ರ. ಮುಂಬಯಿಯಲ್ಲಿ ಹಿಂದೆ ಟ್ರಾಮ್ ಓಡುತ್ತಿತ್ತಂತೆ. ಅದರ ಹಳಿ ಹಾಕುವಾಗಲೂ ಜನ ಹೀಗೇ ಬೈದುಕೊಂಡು ಓಡಾಡಿರಬೇಕು. ನಮ್ಮ ಪಾಲಿಗೆ ಬಂದದ್ದು ಮೆಟ್ರೊದ ಕಂಬಗಳು ಮತ್ತು ಕಾಂಕ್ರೀಟಿನ ರಸ್ತೆಗಳು. ಡೊಂಬಿವಲಿಯಲ್ಲಿದ್ದಾಗ ನಾನು ಆಫೀಸಿನ ಬೂಟುಗಳನ್ನು ಚೀಲದಲ್ಲಿಟ್ಟುಕೊಂಡು, ರಬ್ಬರ್ ಚಪ್ಪಲಿಯಲ್ಲಿ ಸ್ಟೇಷನ್‌ಗೆ ಹೋಗುತ್ತಿದ್ದೆ. ಒಮ್ಮೆ ಬೂಟು ಬದಲಿಸುವುದನ್ನು ಮರೆತು, ನಮ್ಮ ವಿಮಾ ಕಂಪನಿಯ ದೊಡ್ಡ ಸಾಹೇಬರ ಎದುರು ನೀಲಿ ಚಪ್ಪಲಿಯಲ್ಲೇ ಹೋಗಿ ಕೂತೆ. ಅವರು ಕೆಳಗೆ ನೋಡಿ, “ಡೊಂಬಿವಲಿ?” ಎಂದು ಕೇಳಿದರು. ನಾನು ಹೌದೆಂದೆ. ಅವರು ಮತ್ತೇನೂ ಕೇಳಲಿಲ್ಲ.

ಆ ಗಲ್ಲಿಯಲ್ಲಿ ನಮ್ಮ ಕಟ್ಟಡದ ಗ್ರೌಂಡ್ ಫ್ಲೋರಿನಲ್ಲಿ ಸುನಂದಕ್ಕ ಇದ್ದರು. ಉಡುಪಿ ಕಡೆಯವರು. ಗಂಡ ಭಾಸ್ಕರಣ್ಣ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾಕ್ಟರಿಯ ಕ್ಯಾಂಟೀನನ್ನು ಬಹಳ ಕಾಲ ನಡೆಸಿ, ಕಾಲು ಸೋತ ಮೇಲೆ ಬಿಟ್ಟಿದ್ದರು. ಮನೆ ನಡೆಯುತ್ತಿದ್ದುದು ಸುನಂದಕ್ಕನ ಗ್ರೈಂಡರಿನಿಂದ. ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಕಿಟಕಿಯಿಂದ ಮಾರುತ್ತಿದ್ದರು. ಮರಾಠಿಯವರು, ಗುಜರಾತಿಯವರು, ಮೈಸೂರಿನ ನಾವು, ಗಲ್ಲಿಯ ಅರ್ಧ ಜನ ಭಾನುವಾರ ಬೆಳಿಗ್ಗೆ ಡಬ್ಬಿ ಹಿಡಿದು ಆ ಕಿಟಕಿಯ ಮುಂದೆ ನಿಲ್ಲುತ್ತಿದ್ದೆವು. ಮೈಸೂರಿನವರಿಗೆ ದೋಸೆಯ ವಿಷಯದಲ್ಲಿ ಇರುವ ಅಹಂಕಾರ ನನಗೂ ಇತ್ತು. ಸುನಂದಕ್ಕ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. “ನಿಮ್ಮದು ದೋಸೆ ಅಲ್ಲ ಮಾರಾಯ್ರೆ, ಹಪ್ಪಳ,” ಎನ್ನುತ್ತಿದ್ದರು.

ಅವರು ಆ ಮನೆ ಕೊಂಡಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಬಾಗಿಲಿಗೆ ಹೋಗಬೇಕಿತ್ತಂತೆ. ಪ್ರತಿ ಮಳೆಗಾಲದ ನಂತರ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಿತ್ತು. ನಾವು ಬರುವ ಹೊತ್ತಿಗೆ ಉಳಿದಿದ್ದುದು ಒಂದೇ ಮೆಟ್ಟಿಲು. ಹಿಟ್ಟು ಕೊಳ್ಳಲು ಮೊದಲು ಕೈ ಮೇಲೆತ್ತುತ್ತಿದ್ದ ಜನ ಈಗ ಬಗ್ಗುತ್ತಿದ್ದರು. “ಎಲ್ಲರೂ ನನಗೆ ನಮಸ್ಕಾರ ಮಾಡುವ ಹಾಗೆ ಆಗಿದೆ,” ಎಂದು ಸುನಂದಕ್ಕ ನಗುತ್ತಿದ್ದರು.

ಗಲ್ಲಿಗೆ ಕಾಂಕ್ರೀಟ್ ಹಾಕುತ್ತಾರೆಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರೂ ಅವರೇ. ಪುಢಾರಿಯೊಬ್ಬರು ಬಂದು ತೆಂಗಿನಕಾಯಿ ಒಡೆದರು. ಮರುದಿನ ಯಂತ್ರ ಬಂದು ಗಲ್ಲಿಯ ಅರ್ಧವನ್ನು ಉದ್ದಕ್ಕೆ ಸೀಳಿತು. ಆಮೇಲೆ ಯಂತ್ರವೂ ಇಲ್ಲ, ಜನರೂ ಇಲ್ಲ. ಚಳಿಗಾಲ ಹೋಗಿ ಬೇಸಿಗೆ ಬಂತು. ರಿಕ್ಷಾದವರು ಗಲ್ಲಿಯ ತುದಿಯಲ್ಲೇ ಇಳಿಸಿಬಿಡುತ್ತಿದ್ದರು. ಗುಂಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಡೆದು ಹಿಟ್ಟಿಗೆ ಬರುವವರು ಕಡಿಮೆಯಾದರು. ಸುನಂದಕ್ಕ ಧೂಳಿಗೆ ಹೆದರಿ ಕಿಟಕಿಗೆ ಒದ್ದೆ ಸೀರೆ ಕಟ್ಟಿದರು. ಸಂಜೆ ಕೋಲೂರಿಕೊಂಡು ಹನುಮಾನ್ ಗುಡಿಯ ಕಟ್ಟೆಗೆ ಹೋಗಿ ಕೂರುತ್ತಿದ್ದ ಭಾಸ್ಕರಣ್ಣನಿಗೆ ಹಲಗೆ ದಾಟಲಾಗಲಿಲ್ಲ. ಅವರು ಒಳಗೇ ಉಳಿದರು, ಮಾತು ಕಡಿಮೆಯಾಯಿತು.

ನಾನು ಸುಮ್ಮನಿರಲಿಲ್ಲ. ಓದಿದವನಲ್ಲವೇ, ಫೋನಿನಲ್ಲೇ ಪಾಲಿಕೆಗೆ ದೂರು ಹಾಕಿದೆ. ಫೋಟೊ ಕೂಡ ಸೇರಿಸಿದೆ. ದೂರು ಬಗೆಹರಿದಿದೆ ಎಂದು ಉತ್ತರ ಬಂತು. ಖುಷಿಯಿಂದ ಕಿಟಕಿಗೆ ಹೋಗಿ ನೋಡಿದೆ. ಗುಂಡಿ ಇದ್ದಲ್ಲೇ ಇತ್ತು.

ಮಳೆಗಾಲ ಹತ್ತಿರವಾದಾಗ ಒಮ್ಮೆಲೇ ಅವಸರ ಶುರುವಾಯಿತು. ಗುತ್ತಿಗೆದಾರನ ಸೂಪರ್‌ವೈಸರ್ ಬಂದು ಕಾಂಪೌಂಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದ. ಸುನಂದಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅದೇನೆಂದು ಕೇಳಿದರು. ಹೊಸ ರಸ್ತೆ ಅಲ್ಲಿಯವರೆಗೆ ಬರುತ್ತದೆ ಎಂದ ಅವನು. ಅವರು ಗೆರೆ ನೋಡಿದರು, ತಮ್ಮ ಬಾಗಿಲು ನೋಡಿದರು. ಹೊಸ್ತಿಲು ಆ ಗೆರೆಗಿಂತ ಗೇಣು ಕೆಳಗಿತ್ತು.

ಅವರು ವಾರ್ಡ್ ಆಫೀಸಿಗೆ ಹೋದರು, ಮತ್ತೆ ಹೋದರು. ಹಳೆಯ ರಸ್ತೆಯನ್ನು ಇನ್ನಷ್ಟು ಅಗೆದು ಆಮೇಲೆ ಕಾಂಕ್ರೀಟ್ ಹಾಕಿ ಎಂಬುದಷ್ಟೇ ಅವರ ಮಾತು. ಇಂಜಿನಿಯರ್ ಸಾಹೇಬರು ಸೈಟಿನಲ್ಲಿದ್ದಾರೆ ಎಂದು ಅಲ್ಲಿ ಹೇಳಿದರು. ಸೈಟು ಎಂದರೆ ನಮ್ಮ ಗಲ್ಲಿ. ಸಾಹೇಬರು ಅಲ್ಲಿರಲಿಲ್ಲ.

ಕಾಂಕ್ರೀಟಿನ ಲಾರಿ ಹೊಟ್ಟೆ ತಿರುಗಿಸುತ್ತ ಗಲ್ಲಿಗೆ ಬಂದ ಬೆಳಿಗ್ಗೆ ನಾನು ಚಪ್ಪಲಿಯಲ್ಲಿ ಸ್ಟೇಷನ್ ಕಡೆಗೆ ಹೊರಟಿದ್ದೆ. ಸುನಂದಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಕಾಂಕ್ರೀಟ್ ಬೀಳಬೇಕಾದ ಜಾಗದಲ್ಲಿ ಇಟ್ಟು, ಕೂತು, ಕೊತ್ತಂಬರಿ ಸೊಪ್ಪು ಬಿಡಿಸತೊಡಗಿದರು.

“ಆಂಟೀ, ಉಠೋ ನಾ. ಮಾಲ್ ಜಮ್ ಜಾಯೇಗಾ,” ಎಂದು ಸೂಪರ್‌ವೈಸರ್ ಅವರನ್ನು ಏಳಿಸಲು ಅಂಗಲಾಚಿದ. ಲಾರಿಯೊಳಗಿನ ಕಾಂಕ್ರೀಟ್ ಗಟ್ಟಿಯಾಗಿಬಿಡುತ್ತದೆ ಎಂಬ ಭಯ ಅವನಿಗೆ.

“ಜಮ್‌ನೇ ದೋ,” ಆಗಲಿ ಬಿಡು ಎಂದರು ಸುನಂದಕ್ಕ. ಆಮೇಲೆ ನನ್ನನ್ನು ನೋಡಿ, “ನಿಮಗೆ ಟ್ರೈನ್ ಉಂಟಲ್ಲ, ಹೋಗಿ ಮಾರಾಯ್ರೆ,” ಎಂದರು.

ಹೋಗಬೇಕಿತ್ತು. ಹೋಗಲಿಲ್ಲ. ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಲಾರಿ ದಾರಿಗಡ್ಡ ನಿಂತಿತ್ತು. ಅಷ್ಟರಲ್ಲಿ ಮಾಲತಿ ಕೆಳಗಿಳಿದು ಬಂದು ಅವರ ಪಕ್ಕದಲ್ಲಿ ನಿಂತಳು. ಎದುರಿನ ಕಟ್ಟಡದ ಗುಜರಾತಿ ಹೆಂಗಸರು ಬಂದರು. ರಸ್ತೆಯಿಲ್ಲದ ಸಿಟ್ಟು, ರಿಕ್ಷಾ ಬಾರದ ಸಿಟ್ಟು, ಹಿಟ್ಟು ಸಿಗದ ಸಿಟ್ಟು ಎಲ್ಲವೂ ಆ ಕುರ್ಚಿಯ ಸುತ್ತ ಸೇರಿಕೊಂಡವು. ಸೂಪರ್‌ವೈಸರ್ ಫೋನಿನ ಮೇಲೆ ಫೋನು ಮಾಡಿದ. ಕೊನೆಗೆ ಯಾರ ಕಣ್ಣಿಗೂ ಬೀಳದಿದ್ದ ಇಂಜಿನಿಯರ್ ಸಾಹೇಬರು ಬೈಕಿನಲ್ಲಿ ಬಂದರು.

ಸುನಂದಕ್ಕ ಅವರ ಮೇಲೆ ಕೂಗಾಡಲಿಲ್ಲ. ಚಹಾ ಕುಡಿಯಲು ಒಳಗೆ ಕರೆದರು. ಕಿಟಕಿಯ ಪಕ್ಕದ ಮಂಚದ ಮೇಲೆ ಭಾಸ್ಕರಣ್ಣನ ಜೊತೆ ಕೂರಿಸಿದರು. ಅಲ್ಲಿ ಕೂತವರಿಗೆ ಕಿಟಕಿಯಾಚೆ ಆ ಕೆಂಪು ಗೆರೆ ಹೆಚ್ಚುಕಡಿಮೆ ಮಂಚದ ಮಟ್ಟಕ್ಕೆ ಕಾಣುತ್ತಿತ್ತು. ಸಾಹೇಬರು ಚಹಾ ಕುಡಿಯುತ್ತ ಅದನ್ನೇ ನೋಡಿದರು. ಭಾಸ್ಕರಣ್ಣ, “ನಾನು ಇಲ್ಲೇ ಮಲಗುವುದು, ಸಾಬ್,” ಎಂದು ಹಿಂದಿಯಲ್ಲಿ ಹೇಳಿದರು. ಬಹಳ ದಿನದ ಮೇಲೆ ಅವರು ಆಡಿದ ಮಾತು ಅದು. ಸಾಹೇಬರು ಹೊರಗೆ ಬಂದು ಲಾರಿ ವಾಪಸು ಕಳಿಸಿದರು. ಇಲ್ಲಿ ಇನ್ನೂ ಅಗೆಯಿರಿ, ರಸ್ತೆ ತಗ್ಗಿಸಿ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗೆದ್ದೆವು ಎಂದುಕೊಂಡೆವು. ಆ ಭಾನುವಾರ ಕಿಟಕಿಯ ಮುಂದೆ ದೊಡ್ಡ ಸಾಲು.

ಸಾಹೇಬರು ಹೇಳಿದ್ದನ್ನು ಕೆಲಸದವರು ಅಕ್ಷರಶಃ ಮಾಡಿದರು. ಸುನಂದಕ್ಕನ ಮನೆಯ ಮುಂದೆ ಮಾತ್ರ ರಸ್ತೆ ತಗ್ಗಿಸಿದರು. ಗಲ್ಲಿಯ ಎರಡೂ ತುದಿಗಳು ಎತ್ತರದಲ್ಲೇ ಉಳಿದವು. ಮೊದಲ ದೊಡ್ಡ ಮಳೆಗೆ ಗಲ್ಲಿಯ ನೀರೆಲ್ಲ ಎರಡೂ ಕಡೆಯಿಂದ ಇಳಿದು ಬಂದು ಅವರ ಬಾಗಿಲಲ್ಲಿ ನಿಂತಿತು, ಆಮೇಲೆ ಒಳಗೆ ಹೋಯಿತು. ನಾನೂ ಪಕ್ಕದ ಮನೆಯವರೂ ಭಾಸ್ಕರಣ್ಣನನ್ನು ಎತ್ತಿ ನಮ್ಮ ಮನೆಗೆ ತಂದೆವು. ಗ್ರೈಂಡರಿನ ಮೋಟಾರು ನೀರಲ್ಲಿ ಮುಳುಗಿ ಸುಟ್ಟುಹೋಯಿತು.

ಸುನಂದಕ್ಕನನ್ನು ನೋಯಿಸಿದ್ದು ನೀರಲ್ಲ. ಚಪ್ಪಾಳೆ ತಟ್ಟಿದವರಲ್ಲೇ ಒಬ್ಬರು ಮೆಟ್ಟಿಲ ಬಳಿ ನಿಂತು, “ಇವರು ಅಡ್ಡ ಕೂರದಿದ್ದರೆ ರಸ್ತೆ ಸಪಾಟಾಗಿ ಆಗ್ತಿತ್ತು,” ಎಂದರು. ಸುನಂದಕ್ಕ ಒದ್ದೆ ಸೀರೆ ಹಿಂಡುತ್ತಿದ್ದವರು ತಲೆಯೆತ್ತಿದರು. ಜಗಳಕ್ಕೆ ನಿಲ್ಲುತ್ತಾರೆ ಎಂದುಕೊಂಡೆ.

“ಅವರು ಹೇಳುವುದರಲ್ಲಿ ಸ್ವಲ್ಪ ನಿಜ ಉಂಟು,” ಎಂದರು ನನಗೆ. “ನಾನು ನನ್ನ ಬಾಗಿಲು ಮಾತ್ರ ನೋಡಿದೆ. ನೀವೆಲ್ಲ ನನ್ನನ್ನು ನೋಡಿದಿರಿ. ನೀರು ಎಲ್ಲಿಗೆ ಹೋಗ್ತದೆ ಅಂತ ಒಬ್ಬರಾದರೂ ನೋಡ್ಲಿಲ್ಲ ಅಲ್ವಾ?”

ನೀರು ಹರಿದುಹೋಗಲು ಚರಂಡಿ ಕೇಳಿ ಮತ್ತೆ ಅಲೆದಾಟ ನಡೆಯಿತು. ಚರಂಡಿಯೂ ಬಂತು, ಆದರೆ ಅದು ರಸ್ತೆಗಿಂತ ಎತ್ತರದಲ್ಲಿತ್ತು. ನಗಬೇಡಿ, ನಾನೇ ನಿಂತು ನೋಡಿದ್ದೇನೆ. ಎರಡನೆಯ ಮಳೆಗಾಲ ಬರುವ ಮುಂಚೆ ಅವರು ಮನೆ ಮಾರಿ ಇನ್ನೂ ದೂರದ ಬದಲಾಪುರಕ್ಕೆ ಹೋದರು. ಹೋಗುವ ದಿನ ಮಾಲತಿಗೆ ಮಿಕ್ಸಿಯಲ್ಲೇ ರುಬ್ಬಿದ ಒಂದು ಡಬ್ಬಿ ಹಿಟ್ಟು ಕೊಟ್ಟು, ಉಪ್ಪು ಹಾಕಿಲ್ಲ, ನೆನಪಿರಲಿ ಎಂದರು. ಆ ಮನೆ ಈಗ ಯಾರದೋ ಗೋಡೌನ್. ಕೆಲಕಾಲದ ನಂತರ ನಾವೂ ಠಾಣೆಗೆ ಬಂದೆವು. ಮನೆ ನೋಡಲು ಹೋದಾಗ ನಾನು ದಲ್ಲಾಳಿಯನ್ನು ಮೊದಲು ಕೇಳಿದ್ದು, ಎಷ್ಟನೆಯ ಮಹಡಿ ಎಂದು.

ಇವತ್ತಿನ ಕಾಫಿ ಆರಿತ್ತು. ಬದಲಾಪುರದ ಸುನಂದಕ್ಕನಿಗೆ ಫೋನ್ ಹಚ್ಚಿದೆ. ಅಲ್ಲಿ ಹೊಸ ಗ್ರೈಂಡರ್ ಬಂದು ಬಹಳ ದಿನವಾಗಿದೆ. ಎರಡನೆಯ ಮಹಡಿಯಾದ್ದರಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಹಿಟ್ಟು ಇಳಿಸುತ್ತಾರಂತೆ. ಭಾಸ್ಕರಣ್ಣ ಬಾಲ್ಕನಿಯಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುತ್ತಾರಂತೆ. ನಮ್ಮ ರಸ್ತೆಯನ್ನೂ ಅಗೆಯುತ್ತಿದ್ದಾರೆ ಎಂದೆ.

“ಹೌದಾ? ನಿಮ್ಮಲ್ಲಿ ಕೆಳಗೆ ಯಾರಿದ್ದಾರೆ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಬಾಗಿಲ ಮುಂದೆ ತುಳಸಿ ಇದೆ, ಒಂದು ಸೈಕಲ್ ಇದೆ, ಹೆಸರು ಗೊತ್ತಿಲ್ಲ. ದಿನವೂ ಲಿಫ್ಟಿನಿಂದ ಇಳಿದು ಅದೇ ಬಾಗಿಲ ಮುಂದೆ ಹಾದುಹೋಗುತ್ತೇನೆ.

ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋಗಿ ಬೆಲ್ ಒತ್ತಿದೆ. ನನ್ನ ವಯಸ್ಸಿನ ಹೆಂಗಸೊಬ್ಬರು ಬಾಗಿಲು ತೆರೆದರು. ತಲೆಗೂದಲಲ್ಲಿ ಆಗಲೇ ಧೂಳು ಕೂತಿತ್ತು. “ಕೋಣ್ ಪಾಹಿಜೆ?” ಎಂದರು, ಯಾರು ಬೇಕು ಎಂದು. ನಾನು ಮೇಲಿನವನು, ನಾಲ್ಕನೆಯ ಮಹಡಿ ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ರಸ್ತೆ ಎಲ್ಲಿಯವರೆಗೆ ಬರುತ್ತದೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು ಅವರು. ಆಮೇಲೆ ಒಲೆ ಆರಿಸಿ ಬಂದು, ಬಾಗಿಲಿಗೆ ಬೀಗ ಹಾಕಿ, “ಚಲಾ,” ಬನ್ನಿ ಎಂದರು. ನೀರು ಎಲ್ಲಿಗೆ ಹೋಗುತ್ತದೆಂದು ನಾವಿಬ್ಬರೂ ರಸ್ತೆಯ ಆ ತುದಿಯಿಂದ ನೋಡಿಕೊಂಡು ಬರೋಣವೆಂದು ಹೊರಟೆವು.