ಎರಡೂ ಊರಿನಲ್ಲಿ ನಡೆಯುವ ಪಾಠ

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಚಟ್ನಿಗೆಂದು ಮಿಕ್ಸಿಯ ಮೇಲಿನ ಹೊದಿಕೆ ತೆಗೆದೆ. ನೀಲಿ ಹೂವಿನ ಈ ಬಟ್ಟೆ ಒಂದು ಕಾಲಕ್ಕೆ ಕಂಪ್ಯೂಟರಿನದು. ಅಂಚಿಗೆ ನೆರಿಗೆ ಹಿಡಿದು ನಾನೇ ಹೊಲಿದಿದ್ದೆ. ಎದುರಿಗೆ ನಾದಿನಿ ಗಿರಿಜ ಅವರೆಕಾಳು ಹಿಸುಕುತ್ತಿದ್ದಳು. ಅದಕ್ಕೂ ಅವಳಿಗೆ ಹತ್ತು ಬೆರಳೂ ಬೇಕು. ಟೈಪಿಂಗ್ ಕಲಿಸಿದ ಕೈ.

ನಂಜನಗೂಡಿನಲ್ಲಿ ನಮ್ಮ ಯಜಮಾನರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎರಡು ಸಾವಿರದ ಇಸವಿಯ ಹೊತ್ತಿಗೆ ಕಟಕಟ ಯಂತ್ರಗಳು ಮೂಲೆ ಸೇರಿ ಕಂಪ್ಯೂಟರು ಬಂದವು. ಗಂಡ ತೀರಿಕೊಂಡ ಮೇಲೆ ಗಿರಿಜ ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಅದರ ಶಾಖೆ ನಡೆಸುತ್ತಿದ್ದಳು. ಮುಂದೆ ಕ್ಲಾಸು, ಹಿಂದೆ ಮನೆ. ಬೀಗದ ಕೈ ಅವಳ ಸೊಂಟದಲ್ಲೇ. ಇಲ್ಲಿ ನಮ್ಮದು ವಿಂಡೋಸ್; ಅಲ್ಲಿನ ಹಳೆಯ ಕಂಪ್ಯೂಟರುಗಳಿಗೆ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್. ಒಂದಕ್ಕೆಂದು ಕಟ್ಟಿದ ಪ್ರೋಗ್ರಾಂ ಇನ್ನೊಂದರಲ್ಲಿ ತೆರೆಯುವುದಿಲ್ಲ.

ಕನ್ನಡ ಟೈಪಿಂಗ್ ಅಭ್ಯಾಸದ ಪ್ರೋಗ್ರಾಂ ಬರೆದವಳು ನಾನು. ನಗಬೇಡಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಪುಸ್ತಕ ನೋಡಿ ಕಲಿತದ್ದು. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಬೈಸಿಕೊಂಡು ಬೆಳೆದವಳಿಗೆ ಇಂಗ್ಲಿಷಿನಲ್ಲಿ ತಪ್ಪು ಹಿಡಿಯುವ ಯಂತ್ರ ಹೊಸದೇನಲ್ಲ. ಆದರೆ ಬರೆದರಷ್ಟೇ ಸಾಲದು. ಯಾವ ಫೈಲು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ, ಯಂತ್ರ ನಡೆಸುವಂತೆ ಕಟ್ಟಿಕೊಡಲು ಇನ್ನೊಂದು ಟೂಲ್ ಬೇಕು. ಎರಡು ಕಡೆಯೂ ನಡೆಯುವಂಥದ್ದನ್ನೇ ಹುಡುಕಿ ಆರಿಸಿದ್ದೆ. ನೋಡಲು ಕರಿ ಪರದೆ, ಬಿಳಿ ಅಕ್ಷರ, ಅಷ್ಟೇ. ನಾನು ಬರೆದ ಪಾಠ ಫ್ಲಾಪಿಯಲ್ಲಿ ಬಸ್ಸು ಹತ್ತಿ ಹೋದರೆ, ಅಲ್ಲಿ ಗಿರಿಜ ಒಂದೇ ಒಂದು ಪದ ಟೈಪು ಮಾಡಿ ಕಟ್ಟಿಕೊಳ್ಳುತ್ತಿದ್ದಳು. ಸಂಜೆ ಫೋನು: "ಅತ್ತಿಗೆ, ಓಡ್ತು! ನಮ್ ಹುಡ್ಗೀರು ಮನೆಗ್ ಹೋಗ್ರೇ ಅಂದ್ರೂ ಏಳ್ತಾ ಇಲ್ಲ."

ಒಂದು ದಿನ ಯಜಮಾನರು ಮೈಸೂರಿನಿಂದ ಹೊಸ ಇನ್‌ಸ್ಟ್ರಕ್ಟರನ್ನು ಕರೆತಂದರು. ನನ್ನ ಪರದೆ ನೋಡಿ ಅವನು, "ಇದೇನ್ ಮೇಡಂ, ತಾತನ ಕಾಲದ್ದು? ಬಟನ್ ಒತ್ತಿದ್ರೆ ಎಲ್ಲಾ ಅದೇ ಕಟ್ಕೊಳ್ಳುತ್ತೆ," ಎಂದು ತನ್ನ ಬಣ್ಣದ ಟೂಲ್ ತೋರಿಸಿದ.

"ಲಿನಕ್ಸಲ್ಲಿ ನಡೆಯುತ್ತಾ?" ಎಂದೆ.

"ಅದನ್ಯಾರ್ ಬಳಸ್ತಾರೆ ಮೇಡಂ!"

"ನಮ್ಮ ಗಿರಿಜ ಬಳಸ್ತಾಳೆ."

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ನೀನ್ ಸುಮ್ನಿರು. ಇನ್ಮೇಲೆ ಪಾಠ ಎಲ್ಲಾ ಇದರಲ್ಲೇ. ನರಸೀಪುರದ್ದು ಆಮೇಲೆ ನೋಡೋಣ."

ಆ 'ಆಮೇಲೆ' ಬರಲೇ ಇಲ್ಲ. ಮನೆಯಲ್ಲಿದ್ದ ನನ್ನ ಕಂಪ್ಯೂಟರೂ ಇನ್‌ಸ್ಟಿಟ್ಯೂಟಿಗೆ ಹೋಯಿತು; ಹೊದಿಕೆಯೊಂದು ಉಳಿಯಿತು. ಪರೀಕ್ಷೆಯ ಪಾಠ ಬದಲಾದಾಗ, ಅವನು ಕಟ್ಟಿದ ಹೊಸದು ನರಸೀಪುರದಲ್ಲಿ ತೆರೆಯಲಿಲ್ಲ. "ಹುಡ್ಗೀರೆಲ್ಲಾ ಬೇರೆ ಕಡೆ ಸೇರ್ಕೊಂಡ್ರು ಅತ್ತಿಗೆ," ಎಂದಳು ಗಿರಿಜ. ಟ್ರಂಕು ಹಿಡಿದು ಬಂದ ತಂಗಿಗೆ ನಮ್ಮವರು, "ಇದೂ ನಿನ್ ಮನೇನೇ ಅಲ್ವೇನಮ್ಮ," ಎಂದರು. ಮಾರನೆಯ ದಿನದಿಂದ ಒಲೆ ಅವಳದಾಯಿತು.

ಪಾಪ, ಬಣ್ಣ ಕಂಡು ಮರುಳಾದರು, ಅವರಿಗೇನು ಗೊತ್ತು ಎಂದು ಇಷ್ಟು ವರ್ಷವೂ ಅವರ ಪರವಾಗಿ ನಾನೇ ನನಗೆ ಸಮಾಧಾನ ಹೇಳಿಕೊಂಡು ಬಂದೆ.

ಇವತ್ತು ಸಂಜೆ ಪಕ್ಕದ ಮನೆಯ ಸುಮಿತ್ರಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಬಟ್ಟಲು ಕೈಗೆ ತೆಗೆದುಕೊಂಡು ಅಡುಗೆಮನೆಯತ್ತ ಇಣುಕಿದರು.

"ಏನ್ ಘಮ ಕಣ್ರೀ ಗಿರಿಜಮ್ಮನ ಸಾರು! ಆ ಮೈಸೂರು ಹುಡುಗ ಬರೋಕ್ ಮುಂಚೇನೇ ನಿಮ್ಮೆಜಮಾನ್ರು ನಮ್ಮನೆಯವ್ರ ಹತ್ರ ಅಂದಿದ್ರು, 'ನರಸೀಪುರದ ಬಾಗ್ಲು ಮುಚ್ಸೋಕೆ ಒಂದ್ ದಾರಿ ಸಿಕ್ತು, ದೀಪಾವಳಿ ಹೊತ್ಗೆ ಗಿರಿಜ ನಮ್ ಅಡುಗೆಮನೇಲಿರ್ತಾಳೆ' ಅಂತ. ಹಂಗೇ ಆಯ್ತು ನೋಡಿ."