ಮಿಲ್ಲಿನ ಗೇಟಿಗೆ ಕುಂತ ಜೋಕುಮಾರ

ಮೊನ್ನೆ ನಮ್ಮ ಬಾಗಿಲಿಗೆ ಜೋಕುಮಾರ ಬಂದಿದ್ದ. ಬುಟ್ಟಿ ತುಂಬ ಬೇವಿನ ಸೊಪ್ಪು, ನಡುವೆ ಮಣ್ಣಿನ ಮೂರ್ತಿ, ಅದರ ಬಾಯಿಗೆ ಮೆತ್ತಿದ ಬೆಣ್ಣೆ. ಆ ಬೆಣ್ಣೆ ಬಿಸಿಲಿಗೆ ಕರಗಿ ಬೇವಿನ ಜೊತೆ ಸೇರಿದರೆ ಒಂದು ವಾಸನೆ ಬರುತ್ತದೆ, ಬೇರೆಲ್ಲೂ ಸಿಗದ್ದು. ಮೊರದಲ್ಲಿ ಜೋಳ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟೆ. ಸೊಸೆ, "ಯಾಕ್ರಿ ಅತ್ತಿ, ಕಾಲು ಹಿಡಕೊಂಡಾವೇನು?" ಅಂದಳು. ಕಾಲು ನೆಟ್ಟಗೇ ಇದ್ದವು. ಹಿಂದಿನ ಮನೆಯ ಚಿಗವ್ವ ನೆನಪಾಗಿದ್ದಳು...

ನಾನು ಕೊಪ್ಪಳಕ್ಕೆ ಸೊಸೆಯಾಗಿ ಬಂದಾಗ ಇನ್ನೂ ನಿಜಾಮರ ಕಾಲ. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇರಲಿಲ್ಲ. ತಾಯಿಯಿಲ್ಲದ ಹುಡುಗಿ ಬಂದಿದ್ದಾಳೆ ಎಂದು ತಿಳಿದ ದಿನವೇ ಗೋಡೆಯ ಮೇಲಿಂದ, "ನನಗ ಚಿಗವ್ವ ಅನ್ನು, ಸಾಕು" ಎಂದು ಹೇಳಿ ಹೋಗಿದ್ದಳು. ಭಾದ್ರಪದದಲ್ಲಿ ಊರೆಲ್ಲ ಜೋಕುಮಾರನನ್ನು ಹೊರುವ ಮನೆತನ ಅವಳದು. ಉಳಿದ ದಿನಗಳಲ್ಲಿ ಹತ್ತಿ ಮಿಲ್ಲಿನಲ್ಲಿ ಕೂಲಿ. ಬಾಯಿ ಮಾತ್ರ ವರ್ಷವಿಡೀ ಅವಳ ಸ್ವಂತದ್ದು. "ಆಕಿ ಬಾಯಿಗೆ ಬಿದ್ದರ ನಾಯಿನೂ ಊರು ಬಿಡತೈತಿ" ಎಂದು ನಮ್ಮ ಅತ್ತೆ ಅಡುಗೆಮನೆಯೊಳಗೆ ಪಿಸುಗುಟ್ಟಿದರೆ, ಗೋಡೆಯಾಚೆಯಿಂದ ಉತ್ತರ ಬರುತ್ತಿತ್ತು: "ನಾಯಿ ಬಿಟ್ಟು ಹೋತವ್ವ, ನಿಮ್ಮತ್ತಿ ಹೋಗಲಿಲ್ಲ."

ಅವಳ ಗಂಡನನ್ನು ನಾನು ಕಾಕಾ ಅನ್ನುತ್ತಿದ್ದೆ. ಮಿಲ್ಲಿನ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸ ಅವನದು. ಸಂಜೆಯಾದರೆ ಓಣಿಗೆ ಓಣಿಯೇ ಸಿಂದಿ ವಾಸನೆ ಹೊಡೆಯುತ್ತಿದ್ದ ಆ ಕಾಲದಲ್ಲಿ ಕಾಕಾ ಒಂದು ತೊಟ್ಟು ಕುಡಿದವನಲ್ಲ. ದೊಡ್ಡ ಸಂತ ಎಂದೇನಲ್ಲ. ಹೆಂಡತಿಯ ಹೆದರಿಕೆ.

ನಾನು ಬಂದ ಕೆಲವು ವರ್ಷಕ್ಕೆ, ಬೇಸಿಗೆಯ ಒಂದು ಮಧ್ಯಾಹ್ನ ಬಾಯ್ಲರು ಒಡೆಯಿತು. ನಮ್ಮ ಅಡುಗೆಮನೆಯ ಗಡಿಗೆಗಳು ಉರುಳಿ ಬಿದ್ದವು. ಭೂಮಿ ಬಾಯಿ ಬಿಟ್ಟಿತೆಂದು ಅತ್ತೆ ತುಳಸಿಕಟ್ಟೆಯನ್ನು ಅಪ್ಪಿಕೊಂಡು ಕುಳಿತವರು ಕತ್ತಲಾದರೂ ಬಿಡಲಿಲ್ಲ. ಮಿಲ್ಲಿನಲ್ಲಿ ಹತ್ತಿ ಹಸನು ಮಾಡುತ್ತಿದ್ದ ಹೆಂಗಸರ ಮೇಲೆ ಕುದಿಯುವ ನೀರು, ಹಬೆ. ಕೆಲವರು ಉಳಿಯಲಿಲ್ಲ. ಉಳಿದವರ ಕೈಗಳು ಮುರುಟಿಹೋದವು, ರೊಟ್ಟಿ ಬಡಿಯಲೂ ಬಾರದಂತೆ. ಚಿಗವ್ವ ಅವತ್ತು ಕೂಲಿಗೆ ಹೋಗಿರಲಿಲ್ಲ. ಕಾಕಾನ ಅರ್ಧ ಮುಖ ಸುಟ್ಟಿತ್ತು, ಎರಡೂ ಕಿವಿ ಹೋಗಿದ್ದವು.

ಬಾಯ್ಲರು ಸೋರುತ್ತದೆಂದು ಕಾಕಾ ಮಿಲ್ಲಿನ ಸಾವಕಾರರಿಗೆ ಎಷ್ಟೋ ಸಲ ಹೇಳಿದ್ದ. "ಈ ಸುಗ್ಗಿ ಒಂದು ಮುಗೀಲಿ" ಎನ್ನುವುದೇ ಅವರ ಉತ್ತರ. ನಮ್ಮ ಮನೆಯವರು ಅದೇ ಮಿಲ್ಲಿನ ಗುಮಾಸ್ತರು, ತಮ್ಮ ಕಿವಿಯಾರೆ ಕೇಳಿದ್ದರು. ಆದರೆ ಒಡೆದ ಮೇಲೆ ಸಾವಕಾರರು ಊರ ಮುಂದೆ ಹೇಳಿದ್ದೇ ಬೇರೆ: "ಬೆಂಕಿ ಹಾಕಾವ ಸಿಂದಿ ಕುಡದು ಮಕ್ಕೊಂಡಿದ್ದ." ಸರಕಾರದವರು ಬಂದು ಅದನ್ನೇ ಬರೆದುಕೊಂಡು ಹೋದರು. ತಪ್ಪು ಕುಡುಕನದು ಅಂದಮೇಲೆ ಮಿಲ್ಲಿನದೇನು? ಸುಟ್ಟವರಿಗೆ ಔಷಧವಿಲ್ಲ, ಒಂದು ಸೇರು ಜೋಳವಿಲ್ಲ. ಅವರ ಮನೆಗಳವರು ಕಾಕಾನಿಗೇ ಶಾಪ ಹಾಕತೊಡಗಿದರು. ಕಿವಿ ಕೇಳದ ಕಾಕಾ ಅವರಿಗೆಲ್ಲ ತಲೆಯಾಡಿಸಿ ನಗುತ್ತಿದ್ದ.

ಚಿಗವ್ವನಿಗೆ ತಡೆಯಲಾಗದೆ ಹೋದದ್ದು ಇದೇ. "ನನ್ನ ಗಂಡ ಕುಡುಕ ಅಂತ ಬೈಯೋದಿದ್ದರ ನಾ ಬೈತಿದ್ದೆ. ಇಷ್ಟು ವರ್ಷ ಹುಡಿಕ್ಯಾಡಿದೆ, ಆ ಒಂದು ಬೈಗುಳಕ್ಕ ಜಾಗ ಸಿಗಲಿಲ್ಲ. ಈ ಸಾವಕಾರಗ ಹೆಂಗ ಸಿಕ್ಕಿತು?" ಆ ಮಾತನ್ನು ಆಡಿದ ಬಾಯಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಸುಟ್ಟವರ ಮನೆಗೆ ಜೋಳ ಬರಬೇಕು ಎಂದು ಹಟ ಹಿಡಿದಳು. ಸುಟ್ಟ ಹೆಂಗಸರನ್ನು ಮರದ ಕೆಳಗೆ ಕೂಡಿಸಿದಳು. ಪೊಲೀಸಿನವನು ಬಂದು, ಅಪ್ಪಣೆಯಿಲ್ಲದೆ ಸಭೆ ಮಾಡುವಂತಿಲ್ಲ ಎಂದು ಎಬ್ಬಿಸಿದ. ಅಪ್ಪಣೆ ಕೇಳಲು ಕಚೇರಿಗೆ ಹೋದರೆ ಅರ್ಜಿ ಉರ್ದುವಿನಲ್ಲಿರಬೇಕು ಅಂದರು. "ನನಗ ಕನ್ನಡದಾಗ ಬೈಯಾಕ ಅಷ್ಟ ಬರತೈತ್ರಿ" ಎಂದು ಹೇಳಿ, ಸ್ವಲ್ಪ ಹಾಗೇ ಮಾಡಿ ಬಂದಳಂತೆ.

ಹೀಗಿರುವಾಗ ಭಾದ್ರಪದ ಬಂತು. ಜೋಕುಮಾರನಿಗೆ ಯಾವ ಕಚೇರಿಯ ಅಪ್ಪಣೆ? ಚಿಗವ್ವ ಬುಟ್ಟಿ ಹೊತ್ತಳು. ಹಿಂದೆ ಹಾಡುವುದಕ್ಕೆ ಆ ವರ್ಷ ಸುಟ್ಟ ಕೈಯವರನ್ನೇ ಕರೆದುಕೊಂಡಳು. ಓಣಿ ಓಣಿ ತಿರುಗಿ, ಹಳೆಯ ಧಾಟಿಗೆ ತಾನೇ ಕಟ್ಟಿದ ಹಾಡು:

ಸೋರುವ ಬಾಯ್ಲರಿಗಿ ಗೋಣಿ ಕಟ್ಟ್ಯಾರ, ಜೋಕುಮಾರ
ಕುಡಿಯದ ಗಂಡಗ ಕುಡುಕ ಅಂದಾರ, ಜೋಕುಮಾರ

ಜೋಳ ಹಾಕಲು ಬಂದ ಹೆಂಗಸರು ಆ ಕೈಗಳನ್ನು ನೋಡಿದರು. ಶಾಪ ಹಾಕುತ್ತಿದ್ದವರ ಬಾಯಿ ಒಂದೊಂದಾಗಿ ನಿಂತಿತು. ನಮ್ಮ ಬಾಗಿಲಿಗೆ ಬಂದಾಗ ನಮ್ಮ ಮನೆಯವರು ನೆಲದೊಳಗಿನ ಜೋಳದ ಹಗೇವಿನ ಬಾಯಿ ಮುಚ್ಚಿದೆಯೋ ಇಲ್ಲವೋ ನೋಡುವ ನೆವದಲ್ಲಿ ಹಿತ್ತಲಿಗೆ ಓಡಿದರು.

ಹುಣ್ಣಿಮೆಗೆ ಎರಡು ದಿನ ಇದ್ದಂತೆ ಚಿಗವ್ವ ಬುಟ್ಟಿಯನ್ನು ತಂದು ಮಿಲ್ಲಿನ ಗೇಟಿನ ನಟ್ಟನಡುವೆ ಇಳಿಸಿದಳು. ಸಾವಕಾರರ ಮನೆ ಇದ್ದದ್ದು ಆ ಗೇಟಿನ ಒಳಗೇ. ಸಾವಕಾರ್ತಿ ಮೊರ ತುಂಬ ಜೋಳ ತಂದರು. ಚಿಗವ್ವ ಸೆರಗೊಡ್ಡಲಿಲ್ಲ. "ಜೋಕುಮಾರಗ ಈ ಮನ್ಯಾಗ ಜೋಳ ಬ್ಯಾಡಂತ್ರಿ ಅವ್ವಾರ. ಒಂದು ಮಾತು ಬೇಕಂತ." ಜೋಕುಮಾರ ಒಂದು ಬಾಗಿಲಲ್ಲಿ ಕುಳಿತರೆ, ಆ ಮನೆಯವರು ಕೇಳಿದ್ದು ಕೊಡದೆ ಬುಟ್ಟಿ ಎತ್ತುವ ಪದ್ಧತಿಯಿಲ್ಲ. ಅವನನ್ನು ದಾಟುವ ಎದೆಗಾರಿಕೆ ಯಾರಿಗೂ ಇಲ್ಲ. ಲೆಕ್ಕ ಬರೆಯಲು ಒಳಗೆ ಹೋಗಿದ್ದ ನಮ್ಮ ಮನೆಯವರು ಸಾವಕಾರರ ಜೊತೆಗೇ ಸಿಕ್ಕಿಬಿದ್ದರು. ಕೊನೆಗೆ ಹಿಂಬಾಗಿಲಿನಿಂದ, ತಿಪ್ಪೆ ಗುಂಡಿ ಹಾಯ್ದು ಮನೆಗೆ ಬಂದರು, ಮೊಣಕಾಲಮಟ ಸಗಣಿ. ಅತ್ತೆ ಮಗನನ್ನು ಒಳಗೆ ಬಿಡದೆ ಹಿತ್ತಲಲ್ಲೇ ನೀರು ಹೊಯ್ದರು. ಗೋಡೆಯ ಆ ಕಡೆ ಚಿಗವ್ವ ಇಲ್ಲದ್ದು ಅವತ್ತು ಅವರ ಪುಣ್ಯ.

ಉಳಿದ ಮನೆಗಳವರು ಮೊರ ಹಿಡಿದು ಗೇಟಿಗೇ ಬರತೊಡಗಿದರು. ನಾನೂ ಜೋಕುಮಾರನ ಬಾಯಿಗೆಂದು ದಿನಾ ಬೆಣ್ಣೆ ಒಯ್ದೆ. ಆ ಎರಡು ದಿನ ಮಜ್ಜಿಗೆ ಕಡೆದು ಬೆಣ್ಣೆಯನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟದ್ದು ಅತ್ತೆಯೇ. ಜನ ನೆರೆದದ್ದು ಕೇಳಿ ಪೊಲೀಸ್ ಠಾಣೆಯ ಅಮೀನ ಸಾಹೇಬರು ಬಂದು, ಇದು ಅಪ್ಪಣೆಯಿಲ್ಲದ ಸಭೆ ಅಲ್ಲವೇ ಅಂದರು. ಚಿಗವ್ವ ಎದ್ದು ಕೈಮುಗಿದಳು. "ನಾ ಯಾರನ್ನೂ ಕರದಿಲ್ರಿ ಸಾಹೇಬ್ರ. ಕರದಾವ ಬುಟ್ಟ್ಯಾಗ ಅದಾನ. ಹಿಡಕೊಂಡು ಹೋಗೂದಿದ್ದರ ಅವನ್ನ ಹಿಡಕೊಂಡು ಹೋಗ್ರಿ." ಅಮೀನರ ಬೀಬಿ ಮಗುವಾಗಲಿ ಎಂದು ಪ್ರತಿವರ್ಷ ಇದೇ ಬುಟ್ಟಿಗೆ ಜೋಳ ಕಳಿಸುತ್ತಿದ್ದುದು ಊರಿಗೆಲ್ಲ ಗೊತ್ತು. ಅವರು ಬುಟ್ಟಿಯನ್ನೊಮ್ಮೆ ನೋಡಿ, ಬಿಸಿಲು ಭಾಳ ಇದೆ ಎಂದು ಹೇಳಿ ಹೋದರು.

ಹುಣ್ಣಿಮೆಯ ದಿನ ಜೋಕುಮಾರ ಸಾಯುತ್ತಾನೆ. ಸತ್ತ ಜಾಗದಲ್ಲಿ ಅವನ ಅಳು ಕೇಳುತ್ತದೆಂದು ಮೂರು ದಿನ ಅಗಸರು ಕೂಡ ಬಟ್ಟೆ ಒಗೆಯಲು ಆ ಕಡೆ ಸುಳಿಯುವುದಿಲ್ಲ. ಅದಕ್ಕೇ ಅವನನ್ನು ಊರ ಹೊರಗೆ ಹಳ್ಳಕ್ಕೆ ಒಯ್ಯುವುದು. ಅದೇ ದಿನ ಹೊಸ ಬಾಯ್ಲರು ರೈಲಿನಲ್ಲಿ ಬಂದಿಳಿದು, ಸ್ಟೇಶನ್ನಿನಿಂದ ಬಂಡಿಯ ಮೇಲೆ ಗೇಟಿಗೆ ಬಂದು ನಿಂತಿತು. ಬಂಡಿಯವರು ಬುಟ್ಟಿಯನ್ನು ಕಂಡು ಕೊಳ್ಳ ಹರಿದು, ಎತ್ತುಗಳನ್ನು ನೊಗದಿಂದ ಬಿಚ್ಚಿ ನೆರಳಿಗೆ ಕಟ್ಟಿದರು. "ಇವ ಇಲ್ಲೇ ಸತ್ತರ ನಾವು ಈ ಕಡೆ ಬರಂಗಿಲ್ರಿ ಸಾವಕಾರ್ರ" ಅಂದರು. ಸೂರ್ಯ ಇಳಿಯುತ್ತಿದ್ದ. ಒಳಗಿನಿಂದ ಸಾವಕಾರ್ತಿಯ ದನಿ ಹೊರಗಿನವರಿಗೂ ಕೇಳಿಸಿತು: "ಬಾಗಲಾಗ ಹೆಣ ಹಾಕಿಸ್ಕೋತೀರೋ, ಒಂದು ಮಾತು ಆಡತೀರೋ?"

ಸಾವಕಾರರು ರುಮಾಲು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಕಾಕಾ ಬುಟ್ಟಿಯ ಪಕ್ಕದಲ್ಲೇ ಕುಳಿತಿದ್ದ. ಅವರು ನೆಲ ನೋಡಿಕೊಂಡು, "ಬಾಯ್ಲರು ಹಳೇದಿತ್ತು. ಅವ ಹೇಳಿದ್ದ. ಅವ ಕುಡದಿದ್ದಿಲ್ಲ" ಎಂದು ಗೊಣಗಿದರು.

"ಸಾವಕಾರ್ರ, ಈ ಮಾತು ಯಾರಿಗಿ ಮುಟ್ಟಬೇಕೋ ಅವಗ ಕಿವಿ ಇಲ್ರಿ" ಅಂದಳು ಚಿಗವ್ವ. "ಜೋರಾಗಿ ಹೇಳ್ರಿ."

ಜೋರಾಗಿ ಹೇಳಿದರು. ಕಾಕಾ ಮಿಕಮಿಕ ನೋಡಿದ. "ಇನ್ನಾ ಜೋರ ಬೇಕ್ರಿ" ಅಂದಳು ಚಿಗವ್ವ. ಮೂರನೆಯ ಸಲ ಸಾವಕಾರರು ಕೊರಳ ನರ ಉಬ್ಬಿಸಿ ಒದರಿದರು. "ಅವ ಕುಡದಿದ್ದಿಲ್ಲ." ಪಕ್ಕದ ಓಣಿಯವರು ಹೊರಗೆ ಬಂದರು. ಬಂಡಿಯ ಎತ್ತು ಬೆದರಿ ಹಗ್ಗ ಜಗ್ಗಿತು. ಕಾಕಾನಿಗೆ ಆಗಲೂ ಕೇಳಲಿಲ್ಲ. ಆಗ ಚಿಗವ್ವ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಹೆಬ್ಬೆರಳನ್ನು ಬಾಯಿಗೆ ಎತ್ತಿ ಕುಡಿದ ಹಾಗೆ ತೋರಿಸಿ, ಕೈ ಅಲ್ಲಾಡಿಸಿದಳು. ಕಾಕಾ ಸಾವಕಾರರ ಕಡೆ ತಿರುಗಿ ನೋಡಿದ.

"ಅದು ನನಗ ಗೊತ್ತೈತಲ್ಲ. ಅಷ್ಟಕ್ಕ ಅವ ಯಾಕ ಹಂಗ ಒದರಾಕತ್ಯಾನ?"

ಗೇಟಿಗೆ ಗೇಟೇ ನಕ್ಕಿತು, ಸಾವಕಾರ್ತಿಯೂ ನಕ್ಕರು. ಚಿಗವ್ವ ಮೊರದ ಜೋಳಕ್ಕೆ ಸೆರಗೊಡ್ಡಿದಳು. ಜೋಕುಮಾರ ಹಳ್ಳಕ್ಕೆ ಹೋದ. ಅವನು ಸತ್ತಾಗ ಹಾಡುವವರು ಅಳುವುದು ಪದ್ಧತಿ. ಆ ಸಂಜೆ ಚಿಗವ್ವ ಅತ್ತದ್ದು ಎಷ್ಟು ಹೊತ್ತಾದರೂ ನಿಲ್ಲಲೇ ಇಲ್ಲ, ನಾವೇ ಕೈಹಿಡಿದು ಕರೆತಂದೆವು...

ತಪ್ಪು ಕುಡುಕನದಲ್ಲ ಅಂದಮೇಲೆ ಮಿಲ್ಲಿನದೇ ಆಯಿತಲ್ಲ, ಅದು ನಡೆದಷ್ಟು ಕಾಲ ಸುಟ್ಟವರ ಮನೆಗಳಿಗೆ ಸಾವಕಾರರಿಂದ ಜೋಳ ಬಂತು. ಆಮೇಲೆ ಕಾಕಾ ಹೋದ, ಚಿಗವ್ವ ಹೋದಳು, ಮಿಲ್ಲೂ ಹೋಯಿತು. ಸರಕಾರದ ಕಾಗದದಲ್ಲಿ ಮಾತ್ರ ಯಾರೂ ಏನೂ ತಿದ್ದಲಿಲ್ಲ. ಅದು ಎಲ್ಲಾದರೂ ಉಳಿದಿದ್ದರೆ ಕಾಕಾ ಅಲ್ಲಿ ಇವತ್ತಿಗೂ ಕುಡುಕನೇ. ಅಲ್ಲ ಎಂದು ಹೇಳಲು ಈಗ ಈ ಊರಲ್ಲಿ ಉಳಿದವಳು ನಾನೊಬ್ಬಳೇ. ಅದನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ದುಃಖವೂ ಬರುತ್ತದೆ.

ಮೊನ್ನೆ ಬುಟ್ಟಿ ಹೊತ್ತು ಬಂದ ಹುಡುಗಿಗೆ ಇದು ಯಾವುದೂ ಗೊತ್ತಿಲ್ಲ. ನಾನು ನಿಂತೇ ಇದ್ದದ್ದು ನೋಡಿ, "ಏನರ ಬೇಡ್ಕೊಳ್ಳೂದು ಐತೇನ್ರಿ ಅಮ್ಮಾ?" ಅಂದಳು. ಮೊರದ ಜೋಳ ಸುರಿದು, ಬೆಣ್ಣೆ ಮೆತ್ತಿದ ಆ ಮುಖದ ಕಡೆ ಬಾಗಿ, "ನಮ್ಮ ಕಾಕಾ ಕುಡದಿದ್ದಿಲ್ಲಪ್ಪ" ಅಂದೆ.

"ಕೇಳಸಲಿಲ್ರಿ" ಅಂದಳು ಹುಡುಗಿ. "ಸ್ವಲ್ಪ ಜೋರಾಗಿ ಹೇಳ್ರಿ."

ಜೋರಾಗಿ ಹೇಳಿದೆ.