ಕರಡಿಗೆಯೊಳಗಿನ ಕಲ್ಲು

ಅರಸೀಕೆರೆಯಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ತೆಂಗು ಕಾಣುತ್ತದೆಯೇ ಹೊರತು ಕಡಲು ಕಾಣುವುದಿಲ್ಲ. ಅಂಥ ಊರಿನಲ್ಲಿ ಹುಟ್ಟಿ ಹನ್ನೆರಡು ವರ್ಷ ಅಲೆಯ ಮೇಲೆ ನಿಂತು ಅನ್ನ ತಿಂದವಳು ನಾನು. ಸರ್ಫಿಂಗ್ ನನ್ನ ಕಸುಬು ಅಂದರೆ ಕೊಬ್ಬರಿ ಮಂಡಿಯವರು ಇವತ್ತಿಗೂ ‘ಅದೇ, ಹಲಗೆ ಮೇಲೆ ನಿಂತ್ಕೊಳ್ಳೋದಾ?’ ಎಂದು ಕೇಳುತ್ತಾರೆ. ಹೌದು, ಅದೇ, ಒಂದು ಸಲ ನಿಂತು ನೋಡಿ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ.

ಮಂಗಳೂರಿನ ಕಾಲೇಜಿಗೆ ಸೇರಿದ ಮೊದಲ ವರ್ಷವೇ ಈ ಹುಚ್ಚು ಹತ್ತಿತು. ರಜೆಗೆ ಬಂದಾಗ ಬೇಲೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಯಗಚಿಯ ಹಿನ್ನೀರಿನಲ್ಲಿ ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ನೀರು ಎಳೆದು ಎಳೆದು ತೋಳು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಸ್ಪರ್ಧೆಗಳಲ್ಲಿ ಗೆಲ್ಲತೊಡಗಿದ ಮೇಲೆ ಇದನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದೆ. ಕೊಬ್ಬರಿ ವ್ಯಾಪಾರದ ಅಪ್ಪಾಜಿ ಸ್ವಲ್ಪ ಗೊಣಗಿ ಒಪ್ಪಿದರು. ಆದರೆ ನಮ್ಮ ಮನೆಯಲ್ಲಿ ಅಪ್ಪಾಜಿಯ ತಾಯಿಯ ಮಾತೇ ಕೊನೆಯ ಮಾತು.

ಅಜ್ಜಿಗೆ ಕಡಲಿನ ಭಯವಿರಲಿಲ್ಲ. ಅವಳಿಗಿದ್ದದ್ದು ಲಿಂಗದ ಚಿಂತೆ. ನಮ್ಮದು ಲಿಂಗ ಕಟ್ಟುವ ಮನೆತನ. ಎಂಟನೇ ವಯಸ್ಸಿನಲ್ಲಿ ಮಠದಲ್ಲಿ ಕಟ್ಟಿಸಿಕೊಂಡ ಇಷ್ಟಲಿಂಗ ಸ್ನಾನದಲ್ಲಾಗಲಿ ನಿದ್ದೆಯಲ್ಲಾಗಲಿ ಮೈಬಿಟ್ಟು ಹೋಗಬಾರದು. ಅದು ಕಳೆದರೆ ಪ್ರಾಣ ಹೋದಂತೆ ಎಂದು ನಂಬಿದ ಕಾಲದವಳು ಅವಳು. ಮೂರು ದಿನ ಯೋಚಿಸಿ, ನಾನು ನೀರಿಗಿಳಿಯುವ ಅಂಗಿಯ ಒಳಗೆ, ಎದೆಯ ಹತ್ತಿರ, ಎರಡು ಸುತ್ತು ಹೊಲಿಗೆ ಹಾಕಿ ಪುಟ್ಟದೊಂದು ಜೇಬು ಮಾಡಿದಳು. ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಆ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡೇ ನಾನು ಕಡಲಿಗೆ ಇಳಿಯಬೇಕು. ಆಮೇಲೆ ಅಪ್ಪಾಜಿ ಅಮ್ಮನ ಎದುರು ಕೂರಿಸಿಕೊಂಡು ಮಾತು ತೆಗೆದುಕೊಂಡಳು.

“ಮೈಮೇಲೆ ಇರೋವರ್ಗೂ ಆಡ್ಕೋ. ಕಳ್ಕೊಂಡ ದಿನ ಕಡಲು ಬಿಡ್ಬೇಕು. ಈ ಮಾತು ನಾನೂ ಮುರಿಯಲ್ಲ, ನೀನೂ ಮುರೀಬಾರ್ದು.”

ಆಯ್ತು ಅಜ್ಜಿ ಎಂದೆ. ಆ ವಯಸ್ಸಿನಲ್ಲಿ ಯಾವ ಮಾತಿಗೂ ತೂಕವಿರುವುದಿಲ್ಲ.

ಐದು ವರ್ಷ ಆ ಜೇಬು ಒಂದು ದಿನವೂ ಕೈಕೊಡಲಿಲ್ಲ. ಕೈಕೊಟ್ಟವಳು ನಾನೇ. ಒಂದು ಸ್ಪರ್ಧೆಯ ಕೊನೆಯ ಸುತ್ತಿನ ದಿನ, ನನಗೆ ಬೋರ್ಡು ಕೊಡುತ್ತಿದ್ದ ಕಂಪನಿಯವರು ಹೊಸ ಅಂಗಿ ಕೊಟ್ಟು, ಇದನ್ನೇ ಹಾಕಿಕೊಂಡು ಆಡಬೇಕು, ಫೋಟೊ ತೆಗೆಯುತ್ತೇವೆ ಎಂದರು. ಅಜ್ಜಿಯ ಅಂಗಿ ಬ್ಯಾಗಿನಲ್ಲೇ ಉಳಿಯಿತು. ಇಪ್ಪತ್ತು ನಿಮಿಷದ ಮಾತು ತಾನೇ ಎಂದುಕೊಂಡು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಶಿವದಾರದಿಂದ ಕೊರಳಿಗೆ ಕಟ್ಟಿಕೊಂಡೆ. ಮೂರನೆಯ ಅಲೆ ನನ್ನ ಮೇಲೇ ಮುರಿದುಬಿತ್ತು. ಎರಡು ಪಲ್ಟಿ ಹೊಡೆದು ಮೇಲೆ ಬಂದು ಕೊರಳು ಮುಟ್ಟಿ ನೋಡಿದರೆ ದಾರವೇ ಇರಲಿಲ್ಲ.

ಸುತ್ತು ಮುಗಿಯಲು ಇನ್ನೂ ಎಂಟು ನಿಮಿಷವಿತ್ತು. ನಾನು ದಡಕ್ಕೆ ಬರಲಿಲ್ಲ. ಮತ್ತೆರಡು ಅಲೆ ಹಿಡಿದೆ, ಆ ಎರಡರಿಂದಲೇ ಗೆದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ದೇಶದ ತಂಡಕ್ಕೆ ಆಯ್ಕೆ ನಡೆಯುವುದಕ್ಕೆ ಹದಿನೈದು ದಿನ ಉಳಿದಿತ್ತು. ಅಷ್ಟು ದಿನ ಮನೆಯಲ್ಲಿ ಇರುತ್ತೇನೆಂದು ಮೊದಲೇ ಹೇಳಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು, ಲಿಂಗವನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ತಿಂಡಿ ಇಲ್ಲ. ಬೇರೆ ಮನೆಯ ಹುಡುಗಿಯಾಗಿದ್ದರೆ ಮುಟ್ಟು ಎಂದು ಹೇಳಿ ಮೂರು ದಿನವಾದರೂ ತಪ್ಪಿಸಿಕೊಳ್ಳಬಹುದಿತ್ತು. ಲಿಂಗ ಕಟ್ಟಿದವರಿಗೆ ಮೈಲಿಗೆಯೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆ ನಮ್ಮದು. ನನಗೆ ಆ ಬಾಗಿಲೂ ಮುಚ್ಚಿತ್ತು. ಬಸ್ ಹತ್ತುವ ಮುಂಚೆ, ಹೊಳೆ ಕಡಲು ಸೇರುವ ಅಳಿವೆಯ ಬಂಡೆಗಳ ಹತ್ತಿರ ಹುಡುಕಿ, ಅಲೆ ಉಜ್ಜಿ ನುಣುಪು ಮಾಡಿದ, ನೇರಳೆ ಹಣ್ಣಿನಷ್ಟು ದೊಡ್ಡ ಕರೀ ಕಲ್ಲೊಂದನ್ನು ಆರಿಸಿ ಖಾಲಿ ಕರಡಿಗೆಯಲ್ಲಿ ಹಾಕಿಕೊಂಡೆ.

ಮೊದಲನೆಯ ದಿನ ಕಲ್ಲಿನ ಮೇಲೆ ನೀರು ಹಾಕಿದೆ. ಒಣಗಿದಾಗ ಕಾಣದಿದ್ದ ಬಿಳಿ ಗೆರೆಯೊಂದು ಅದರ ನಡುವೆ ಎದ್ದು ಕಂಡಿತು. ಪಕ್ಕದಲ್ಲಿ ಅಜ್ಜಿ. ಹಿಂದಿನ ತಿಂಗಳಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು, ಅಕ್ಕಿಯೊಳಗಿನ ನುಚ್ಚುಗಲ್ಲನ್ನು ಕೂತಲ್ಲಿಂದಲೇ ತೋರಿಸುತ್ತಿದ್ದಳು. ಗೆರೆಯ ಮೇಲೆ ಹೆಬ್ಬೆರಳಿಟ್ಟು, ವಿಭೂತಿ ಬಳಿದು, ಬಿಲ್ವಪತ್ರೆ ಮುಚ್ಚಿ ಹೇಗೋ ಮುಗಿಸಿದೆ. ಕಲ್ಲು ಕರಡಿಗೆಗಿಂತ ಚಿಕ್ಕದು, ಮಹಡಿ ಮೆಟ್ಟಿಲು ಹತ್ತಿದರೆ ಕಟಕಟ ಎನ್ನುತ್ತಿತ್ತು. ಮಧ್ಯಾಹ್ನ ಅದರೊಳಗೆ ಹತ್ತಿ ತುರುಕಿದೆ.

ಎರಡನೆಯ ದಿನದಿಂದ ಅಜ್ಜಿ ಪೂಜೆಗೆ ಕೂರುವಾಗ ನನ್ನ ಕಡೆ ಅರೆಬೆನ್ನು ಹಾಕತೊಡಗಿದಳು. ಯಾವುದಕ್ಕೋ ಮುನಿಸಿರಬೇಕು ಎಂದುಕೊಂಡೆ. ಐದನೆಯ ದಿನ ವಿಭೂತಿಯ ಗಟ್ಟಿಯನ್ನು ನನ್ನ ಕಡೆ ಸರಿಸಿ, ಸಾಲ್ದು, ಇನ್ನೊಂಚೂರು ಹಚ್ಚು ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅವಸರದಲ್ಲಿ ಬಳಿಯಲು ಹೋಗಿ ಅರ್ಧ ವಿಭೂತಿ ಮಡಿಲಿಗೆ ಚೆಲ್ಲಿದೆ. ಎಂಟನೆಯ ದಿನ ವರ್ಷಕ್ಕೊಮ್ಮೆ ಬರುವ ಮಠದ ಅಯ್ಯನವರು ಬಂದು, ಎಲ್ಲರ ಲಿಂಗವನ್ನೂ ನೋಡುತ್ತೇನೆ, ಮೇಲಿನ ಕಪ್ಪು ಲೇಪ ಬಿಟ್ಟಿದ್ದರೆ ಸರಿ ಮಾಡಿಕೊಡುತ್ತೇನೆ ಎಂದು ಜಗುಲಿಯ ಮೇಲೆ ಕೂತರು. ಅಪ್ಪಾಜಿ ತಮ್ಮ ಕರಡಿಗೆಗೆ ಕೈ ಹಾಕಿಯೂ ಆಗಿತ್ತು. ಅಜ್ಜಿ ಒಳಗಿನಿಂದ ಬಂದು, ಈಗ ಎಲ್ಲ ಸರಿಯಾಗಿಯೇ ಇದೆ, ಮುಂದಿನ ತಿಂಗಳು ನಾವೇ ಮಠಕ್ಕೆ ಬಂದು ತೋರಿಸುತ್ತೇವೆ ಎಂದು ಅವರಿಗೆ ಹಾಲು ಹಣ್ಣು ಕೊಟ್ಟು ಕಳಿಸಿದಳು. ಶಿವ ನನ್ನ ಕಡೆಗಿದ್ದಾನೆ ಎಂದುಕೊಂಡೆ. ನನ್ನಷ್ಟು ದಡ್ಡಿ ಇನ್ನೊಬ್ಬಳಿರಲಿಲ್ಲ.

ಹನ್ನೊಂದನೆಯ ದಿನ ತಿಪಟೂರಿನ ಕಡೆಯ ನೆಂಟರು ಊಟಕ್ಕೆ ಬಂದಿದ್ದರು. ಹೆಣ್ಣುಮಕ್ಕಳು ಅಷ್ಟು ದೊಡ್ಡ ನೀರಿನಲ್ಲಿ ಆಚಾರ ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ಒಬ್ಬರು ಕೊಂಕು ತೆಗೆದರು. ಅಪ್ಪಾಜಿ ಎಲೆಯ ಮುಂದೆ ಎದೆಯುಬ್ಬಿಸಿ, ನನ್ನ ಮಗಳ ಲಿಂಗ ಐದು ವರ್ಷದಲ್ಲಿ ಕೂದಲೆಳೆಯಷ್ಟೂ ಅಲುಗಿಲ್ಲ, ಬೇಕಾದರೆ ಅವಳನ್ನೇ ಕೇಳಿ ಎಂದರು. ನನ್ನ ಸಿಟ್ಟಿಗೆ ಹೊತ್ತುಗೊತ್ತಿಲ್ಲ, ನಾಚಿಕೆಯಾದಾಗಲೂ ಅದು ಸಿಟ್ಟಾಗಿಯೇ ಬರುತ್ತದೆ. ಬಡಿಸುತ್ತಿದ್ದ ಪಾಯಸದ ಪಾತ್ರೆಯನ್ನು ಕುಕ್ಕಿದೆ.

“ಸಾಕು ನಿಲ್ಸಿ ಅಪ್ಪಾಜಿ. ಲಿಂಗ ಕಡಲಲ್ಲಿ ಹೋಯ್ತು. ಇದ್ರೊಳಗೆ ಇರೋದು ಕಲ್ಲು.”

ಅಪ್ಪಾಜಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ಅಜ್ಜಿಯ ಕಡೆ ನೋಡಿದೆ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು.

“ನಾನು ಕೇಳಿದ್ನೇನೇ ನಿನ್ನ?” ಎಂದಳು.

ಅಷ್ಟೇ ಹೇಳಿ ಒಳಗೆ ಹೋದಳು. ನೆಂಟರು ಹೊರಟ ಮೇಲೆ ಹಿತ್ತಲಲ್ಲಿ ಒಬ್ಬಳೇ ಕೂತಿದ್ದವಳ ಹತ್ತಿರ ಹೋದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಮೊದಲ್ನೇ ದಿನವೇ ನೋಡ್ದೆ ಕಣೇ. ಬಿಳೀ ಗೆರೆ ಐತಲ್ಲ ಅದ್ರಲ್ಲಿ. ಕೇಳಿದ್ರೆ ನೀನು ಹೇಳ್ಬಿಡ್ತಿದ್ದೆ. ನೀನು ಹೇಳಿದ್ಮೇಲೆ ನಾನು ಮಾತು ನಡೆಸ್ಬೇಕು. ಅದ್ಕೇ ಕೇಳ್ಲಿಲ್ಲ. ಇನ್ನು ನಾಕು ದಿನ ಬಾಯಿ ಮುಚ್ಕೊಂಡಿದ್ರೆ ಬಸ್ ಹತ್ತಿರ್ತಿದ್ದೆ.”

ಹನ್ನೊಂದು ದಿನ ನನ್ನನ್ನು ಕಾಪಾಡುತ್ತಿದ್ದವಳಿಗೇ ನಾನು ಹೆದರಿಕೊಂಡಿದ್ದೆ. ಅವಳ ಮಡಿಲಿಗೆ ಬಿದ್ದು ಅತ್ತೆ. ತಲೆ ಸವರಿದಳು, ಆದರೆ ಮಾತು ಬದಲಿಸಲಿಲ್ಲ. ಆಯ್ಕೆಯ ದಿನ ನಾನು ಅರಸೀಕೆರೆಯ ಮನೆಯಲ್ಲಿ ಕೊಬ್ಬರಿ ಒಡೆದು ಒಣಗಲು ಹರಡುತ್ತಿದ್ದೆ. ದೇಶದ ತಂಡ ನನ್ನನ್ನು ಬಿಟ್ಟು ಹೋಯಿತು, ಮುಂದೆಂದೂ ಆ ಬಾಗಿಲು ನನಗೆ ತೆರೆಯಲಿಲ್ಲ. ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಹಳ ದಿನ ಇತ್ತು.

ಎರಡು ತಿಂಗಳಾದ ಮೇಲೆ ಹಳೇಬೀಡಿನ ಆಚೆ ಇರುವ ನಮ್ಮ ಮಠಕ್ಕೆ ಕರೆದುಕೊಂಡು ಹೋದಳು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಸ್ವಾಮಿಗಳು ಕೇಳಿಸಿಕೊಂಡು ಹೊಸ ಲಿಂಗ ಕಟ್ಟಿದರು. ವಾಪಸು ಬರುವಾಗ ಹಳೇಬೀಡಿನ ಕೆರೆಯ ಪಕ್ಕ ಕಾರು ನಿಲ್ಲಿಸಿ, ಕಲ್ಲನ್ನು ಇಲ್ಲೇ ಬಿಡಲೇ ಎಂದು ಕೇಳಿದೆ. ಅಜ್ಜಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ಹೊರತೆಗೆದು ಅದರಲ್ಲಿ ಸುತ್ತಿದಳು.

“ಪೂಜೆ ಮಾಡಿರೋದು, ಎಲ್ಲೆಂದ್ರಲ್ಲಿ ಬಿಡಕ್ಕಾಗಲ್ಲ. ಎಲ್ಲಿಂದ ತಂದ್ಯೋ ಅಲ್ಲೇ ಬಿಡ್ಬೇಕು. ಈಗ ಮೈಮೇಲೆ ಲಿಂಗ ಐತಲ್ಲ, ಹೋಗ್ಬಿಟ್ಟು ಬಾ.”

ಆ ಬಟ್ಟೆ ನನ್ನ ನೀರಿಗಿಳಿಯುವ ಅಂಗಿ. ಒಳಗಿನ ಜೇಬಿಗೆ ಮೂರನೆಯ ಸುತ್ತು ಹೊಲಿಗೆ ಬಿದ್ದಿತ್ತು.

ಅದಾದ ಮೇಲೆ ಏಳು ವರ್ಷ ಸ್ಪರ್ಧೆಗಳಲ್ಲಿ ಆಡಿದೆ. ಈಗ ಲಿಂಗ ಕಳೆದ ಅದೇ ಕಡಲ ತೀರದಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ. ಬೆಳಿಗ್ಗೆ ನಾನು ನೀರಿಗಿಳಿಯುವ ಮೊದಲು ಅಜ್ಜಿಯ ಫೋನು ಬರುತ್ತದೆ. ತಿಂಡಿ ಏನು, ಮಳೆ ಬಂತಾ, ಮೊಣಕಾಲು ನೋವು ಹೇಗಿದೆ, ಎಲ್ಲ ಕೇಳುತ್ತಾಳೆ. ಲಿಂಗದ ವಿಷಯ ಮಾತ್ರ ಇವತ್ತಿಗೂ ಕೇಳುವುದಿಲ್ಲ.